ಅರ್ಧಕ್ಕೆ ನಿಂತ ಬಾವುಟ

ಟೋರ್ಕಿಲ್ ಬ್ರೂನ್‌ನ ಅಂಗಳದ ಬಾವುಟ ಕಂಬದ ನಟ್ಟನಡುವೆ ಸಿಕ್ಕಿಕೊಂಡಾಗ ಬೆಳಗಿನ ಎಂಟು ಗಂಟೆ. ಅದನ್ನು ಆಗಲೇ ಬಿಡಿಸಿದ್ದರೆ ಅವನ ದಿನ ಉಳಿಯುತ್ತಿತ್ತು.

ಆದರೆ ಅಂದು ಅವನು ಅವಸರ ಮಾಡುವಂತಿರಲಿಲ್ಲ. ಡೆನ್ಮಾರ್ಕಿನ ಆ ಪುಟ್ಟ ದ್ವೀಪದ ಏಕೈಕ ಬಸ್ಸನ್ನು ಇಪ್ಪತ್ತೆರಡು ವರ್ಷ ಒಂದು ನಿಮಿಷವೂ ತಡವಾಗದಂತೆ ಓಡಿಸಿದವನ ರಕ್ತದೊತ್ತಡ ಈಗ ಒಲೆಯ ಮೇಲೆ ಮರೆತ ಹಾಲಿನಂತೆ ಉಕ್ಕುತ್ತಿತ್ತು.

"ನಾಳೆ ಒಂದು ದಿನ ನಿಧಾನವಾಗಿ ಬದುಕು," ಎಂದಿದ್ದರು ಹಿಂದಿನ ದಿನ ಡಾಕ್ಟರ್ ವಿಂಟರ್. "ಮೇಣದಬತ್ತಿ ಹಚ್ಚು, ಕಾಫಿ ಕುಡಿ, ಸುಮ್ಮನೆ ಕೂತ್ಕೋ. ಯಾವ ಕೆಲಸ ಅರ್ಧಕ್ಕೆ ನಿಂತರೂ ನಿಲ್ಲಲಿ. ನಾಡಿದ್ದು ಮತ್ತೆ ಅಳೀತೀನಿ. ಇಳಿದಿರದಿದ್ದರೆ ಬಸ್ಸಿನ ಕೀಲಿ ಕೊಟ್ಟು ಮನೆಗೆ ಹೋಗು."

ಗಂಡನ ಶಾಂತಿಗೆ ಭಂಗವಾಗಬಾರದೆಂದು ಹೆಂಡತಿ ಸಿಗ್ನೆ ಮೊದಲ ಹಡಗಿಗೇ ಆಚೆ ದಡದ ಅಕ್ಕನ ಮನೆಗೆ ಹೊರಟುಹೋಗಿದ್ದಳು. ಗಂಟೆಗೊಮ್ಮೆ ವಿಚಾರಿಸುವ ಚಪಲ ತನಗೇ ಬಂದೀತೆಂದು ಫೋನನ್ನೂ ಮನೆಯಲ್ಲೇ ಬಿಟ್ಟಿದ್ದಳು.

ರಜೆಯ ಗೌರವಕ್ಕೆಂದು ಟೋರ್ಕಿಲ್ ಏರಿಸಿದ ಬಾವುಟ ಹೀಗೆ ನಡುವೆ ನಿಂತಾಗ, ಡಾಕ್ಟರರ ಮಾತನ್ನು ನೆನೆದು ಅವನು ಹಗ್ಗವನ್ನು ಕೈಬಿಟ್ಟ. ಕಾಫಿ ಮುಗಿದ ಮೇಲೆ ನೋಡಿದರಾಯಿತು. ಉಣ್ಣೆಯ ಕಾಲುಚೀಲ ತೊಟ್ಟು, ಬತ್ತಿ ಹಚ್ಚಿ, ಕಿಟಕಿಯ ಪಕ್ಕ ಕುಳಿತ. ಜನ ಹ್ಯೂಗೆ, ಹ್ಯೂಗೆ ಎಂದು ಹಂಬಲಿಸುವ ಬೆಚ್ಚನೆಯ ನೆಮ್ಮದಿ ಇನ್ನೇನು ಹೊಸ್ತಿಲು ದಾಟಿ ಒಳಗೆ ಬರಬೇಕು, ಅಷ್ಟರಲ್ಲಿ ಪಕ್ಕದ ಮನೆಯ ಆಸ್ಟಾ ದಾಟಿ ಬಂದರು. ಕೈಯಲ್ಲಿ ಸೇಬಿನ ಕೇಕು, ಕಣ್ಣಲ್ಲಿ ನೀರು.

"ಅಯ್ಯೋ ನನ್ನಪ್ಪ, ನಮ್ಮ ಸಿಗ್ನೆ ಹೀಗೆ ಮಾಡಬಹುದಾ?"

"ಏನು ಮಾಡಿದಳು?"

"ಬಾವುಟ ಅರ್ಧಕ್ಕೆ ನಿಂತಿದ್ದು ನೋಡಿದೆ. ನಿನ್ನನ್ನು ಕಿಟಕೀಲಿ ನೋಡಿದೆ. ಅವಳು ಕಾಣಲಿಲ್ಲ. ಇನ್ನು ಕೇಳೋದೇನಿದೆ?"

ಟೋರ್ಕಿಲ್ ಲೋಟವನ್ನು ಕೆಳಗಿಟ್ಟ. "ಆಸ್ಟಾ, ಹಗ್ಗ ಸಿಕ್ಕಿಕೊಂಡಿದೆ ಅಷ್ಟೇ. ಅವಳು ಅಕ್ಕನ ಮನೇಲಿದ್ದಾಳೆ."

"ಫೋನು ಮೇಜಿನ ಮೇಲಿದೆಯಲ್ಲಪ್ಪ. ಫೋನು ಬಿಟ್ಟು ಯಾವ ಹೆಂಗಸು ಅಕ್ಕನ ಮನೆಗೆ ಹೋಗ್ತಾಳೆ?" ಆಸ್ಟಾ ಅವನ ತಲೆ ಸವರಿದರು. "ಮೊದಮೊದಲು ಹೀಗೇ. ಮನಸ್ಸು ಒಪ್ಪಲ್ಲ. ನಮ್ಮೆಜಮಾನರು ಹೋದಾಗ ನಾನೂ ಮೂರು ದಿನ ಅವರಿಗೆ ತಟ್ಟೆ ಇಟ್ಟಿದ್ದೆ."

ಟೋರ್ಕಿಲ್ ಅಂಗಳಕ್ಕೆ ಓಡಿದ. ಹಗ್ಗಕ್ಕೆ ಜೋತುಬಿದ್ದು ಎಳೆದ. ಬಾವುಟ ಸರ್ರನೆ ತುದಿಗೇರಿತು. ಬೇಲಿಯಾಚೆ ನಿಂತಿದ್ದ ಬೇಕರಿಯ ಮೊಗೆನ್ಸ್ ಟೋಪಿ ತೆಗೆದ. ಮನೆಯಲ್ಲಿ ಸಾವಾದರೆ ಅಂಗಳದ ಬಾವುಟವನ್ನು ಅರ್ಧಕ್ಕೆ ಹಾರಿಸಿ, ಶವ ಮಣ್ಣಿಗೆ ಸೇರಿದ ಮೇಲೆ ತುದಿಗೇರಿಸುವುದು ಅಲ್ಲಿಯ ರೂಢಿ.

"ಮಣ್ಣೂ ಮಾಡಿಬಿಟ್ಟೆಯೇನಯ್ಯ?" ಮೊಗೆನ್ಸನ ದನಿ ಒಡೆಯಿತು. "ಒಂದು ಮಾತು ಹೇಳಬಾರದಿತ್ತಾ? ಎಲ್ಲದಕ್ಕೂ ಬಸ್ಸಿನ ಟೈಮೇನಾ ನಿನಗೆ?"

ಟೋರ್ಕಿಲ್ ಗಾಬರಿಯಲ್ಲಿ ಹಗ್ಗವನ್ನು ಕೆಳಕ್ಕೆಳೆದ. ಬಾವುಟ ಮತ್ತೆ ಅದೇ ಅರ್ಧಕ್ಕೆ ಬಂದು, ಹಟಮಾರಿ ಹೋರಿಯಂತೆ ನಿಂತುಬಿಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತ್ತು. ಹನ್ನೊಂದು ಕೇಕು, ನಾಲ್ಕು ಹೂಗುಚ್ಛ, ಒಂದು ಪಾತ್ರೆ ಹಂದಿಮಾಂಸದ ಉಂಡೆ. ಅವಳು ಬದುಕಿದ್ದಾಳೆ ಎಂದು ಅವನು ಹೇಳಿದಾಗಲೆಲ್ಲ ಯಾರೋ ಒಬ್ಬರು ಅವನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕುತ್ತಿದ್ದರು. ಅಕ್ಕನ ಮನೆಗೆ ಮಾಡಿದ ಫೋನನ್ನು ಯಾರೂ ಎತ್ತಲಿಲ್ಲ. ಕೊನೆಗೆ ಸೋತು ಕುಳಿತ. ಹೇಗೂ ಸಂಜೆಯ ಹಡಗಿಗೆ ಅವಳೇ ಬಂದು ಉತ್ತರ ಕೊಡುತ್ತಾಳೆ.

ಜನ ಮೆಲ್ಲಗೆ ಮಾತಿಗೆ ತೊಡಗಿದರು.

"ನನ್ನ ಸೊಂಟ ಮುರಿದಾಗ ದಿನಾ ಬೆಳಿಗ್ಗೆ ಬಂದು ಕಾಲುಚೀಲ ಹಾಕಿ ಹೋಗ್ತಿದ್ದಳು," ಎಂದರು ಆಸ್ಟಾ. "ಎರಡು ತಿಂಗಳು."

"ನನ್ನ ಒಲೆ ಕೆಟ್ಟಾಗ ನಾಲ್ಕು ದಿನ ಬೀದಿಗೆಲ್ಲ ರೈ ಬ್ರೆಡ್ಡು ಸುಟ್ಟುಕೊಟ್ಟಳು," ಎಂದ ಮೊಗೆನ್ಸ್. "ಯಾರಿಗೂ ಹೇಳ್ಬೇಡ ಅಂದಿದ್ದಳು."

ಟೋರ್ಕಿಲ್‌ಗೆ ಆ ಎರಡು ತಿಂಗಳು ನೆನಪಿತ್ತು. ಕಾಫಿ ಆರು ನಿಮಿಷ ತಡವೆಂದು ಅವನು ದಿನವೂ ಗೊಣಗಿದ್ದ. ವಾಕಿಂಗ್ ಹೋಗಿದ್ದೆ ಎಂದು ಅವಳು ನಕ್ಕಿದ್ದಳು. ಅವನ ಕಣ್ಣು ತುಂಬಿತು. ಸುತ್ತ ಮೇಣದಬತ್ತಿಗಳು, ಕಾಫಿಯ ಹಬೆ, ಅವಳ ಹೆಸರನ್ನು ಇಷ್ಟೊಂದು ಪ್ರೀತಿಯಿಂದ ಆಡುವ ಬಾಯಿಗಳು. ಇಂಥವಳು ಬದುಕಿದ್ದಾಳೆ, ಸಂಜೆ ಮನೆಗೇ ಬರುತ್ತಾಳೆ ಎಂಬುದು ಆ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಗಡಿಯಾರ ನೋಡುವುದನ್ನು ಮರೆತ.

ಬಡಬಡಿಸುತ್ತಿದ್ದವನು ಹೀಗೆ ತಣ್ಣಗಾದುದು ಆಸ್ಟಾರನ್ನು ಇನ್ನಷ್ಟು ಹೆದರಿಸಿತು. ಅವರು ಡಾಕ್ಟರಿಗೆ ಹೇಳಿಕಳಿಸಿದರು.

ವಿಂಟರ್ ಬಂದು ತೋಳಿಗೆ ಪಟ್ಟಿ ಕಟ್ಟಿ ಗಾಳಿ ಊದಿದರು. ಡಾಕ್ಟರರ ಹುಬ್ಬು ಮೇಲೇರಿತು.

"ನೂರ ಇಪ್ಪತ್ತನಾಲ್ಕು. ನಾಳೆವರೆಗೂ ಕಾಯೋದು ಬೇಡ, ಬಸ್ಸು ನಿನ್ನದೇ." ಅವರು ಕಾಗದ ತೆಗೆದು ಬರೆಯತೊಡಗಿದರು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರ ದನಿ ಬೀದಿಗೂ ಕೇಳುವಂಥದ್ದು. "ಆಶ್ಚರ್ಯ ಕಣಯ್ಯ. ಇಪ್ಪತ್ತು ವರ್ಷದಲ್ಲಿ ನಿನ್ನ ಒತ್ತಡ ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ಹೆಂಡತಿ ಸತ್ತದ್ದು ನಿನಗೆ ಒಗ್ಗಿದೆ."

"ಹೌದಾ?" ಎಂಬ ದನಿ ಬಾಗಿಲಿನಿಂದ ಬಂತು.

ಸಿಗ್ನೆ ನಿಂತಿದ್ದಳು. ಹಡಗಿನಿಂದಲೇ ಬಾವುಟ ಕಂಡು, ಗಂಡನೇ ಹೋದನೆಂದು ಎದೆ ಒಡೆದುಕೊಂಡು, ಶೂ ಕೈಯಲ್ಲಿ ಹಿಡಿದು ಓಡಿಬಂದಿದ್ದಳು. ಕೆನ್ನೆಯ ಕಣ್ಣೀರು ಇನ್ನೂ ಆರಿರಲಿಲ್ಲ. ಕಣ್ಣಿನದು ಮಾತ್ರ ಆ ಕ್ಷಣಕ್ಕೆ ಆರಿತು. ಆಸ್ಟಾ ಕೇಕಿನ ಮೇಲೆಯೇ ಕುಳಿತುಬಿಟ್ಟರು.

"ಹೇಳಿ ಡಾಕ್ಟ್ರೇ, ಎಷ್ಟು ಒಗ್ಗಿದೆ ಅಂತ ಇನ್ನೊಮ್ಮೆ ಹೇಳಿ," ಎಂದಳು ಸಿಗ್ನೆ, ಒಂದೊಂದೇ ಹೆಜ್ಜೆ ಮುಂದಿಡುತ್ತ.

ತೋಳಿನ ಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ. ಡಾಕ್ಟರರು ಸುಮ್ಮನೆ ಮತ್ತೊಮ್ಮೆ ಗಾಳಿ ಊದಿದರು.

"ನೂರ ತೊಂಬತ್ತೆರಡು," ಎಂದು ಬರೆದುದನ್ನು ಹೊಡೆದುಹಾಕಿದರು. "ಕೀಲಿ ಕೊಡಪ್ಪ. ಮುಂದಿನ ಮಂಗಳವಾರ ನೋಡೋಣ. ಅಲ್ಲಿವರೆಗೆ ನಿಧಾನವಾಗಿ ಬದುಕು."

ಟೋರ್ಕಿಲ್ ಕೀಲಿ ಕೊಟ್ಟ. ಹೆಂಡತಿಯ ಬೈಗುಳ ಗಂಟೆಗೂ ಮೀರಿ ನಡೆಯಿತು. ಅದರಲ್ಲಿ ಒಂದು ಮಾತೂ ತಪ್ಪಿಹೋಗದಂತೆ, ದೊಡ್ಡ ಉಡುಗೊರೆ ಪಡೆದವನ ಮುಖ ಹೊತ್ತು, ಅವನು ಕೇಳುತ್ತ ಕುಳಿತ.

"ಮಂಗಳವಾರ ನಾವೂ ಬರ್ತೀವಿ," ಎಂದರು ಆಸ್ಟಾ, ಲಂಗದ ಹಿಂಬದಿಗಂಟಿದ ಕೇಕನ್ನು ಒರೆಸಿಕೊಳ್ಳುತ್ತ. "ನಿನ್ನೊಬ್ಬನನ್ನೇ ಶಾಂತವಾಗಿ ಬಿಟ್ಟರೆ ಏನಾಗುತ್ತೆ ಅಂತ ನೋಡಿದೆವಲ್ಲ."