ನಮ್ಮ ಓಣಿ ಪಿಸುಗುಟ್ಟಿದ ಭಾನುವಾರ

ಮನುಷ್ಯನಿಗೆ ಕೆಟ್ಟ ಹೆಸರು ಬಂದರೆ ಅವನು ಊರು ಬಿಟ್ಟು ಹೋಗಿ ಬೇರೆ ಕಡೆ ಬದುಕಿಕೊಳ್ಳಬಹುದು. ಊರಿಗೇ ಕೆಟ್ಟ ಹೆಸರು ಬಂದರೆ ಅದು ಎಲ್ಲಿಗೆ ಹೋಗಬೇಕು? ನಾನು ಹುಟ್ಟಿದ್ದು ಸುರಪುರದಲ್ಲಿ, ಮದುವೆಯಾಗಿ ಬಂದದ್ದು ಶಹಾಪುರಕ್ಕೆ, ನಮ್ಮ ಜಿಲ್ಲೆ ಯಾದಗಿರಿ. ಈ ಮೂರರಲ್ಲಿ ಯಾವ ಹೆಸರು ಹೇಳಿದರೂ ದಕ್ಷಿಣದ ಕಡೆಯವರ ಮುಖದಲ್ಲಿ ಒಂದೇ ಬಗೆಯ ಬದಲಾವಣೆ ಆಗುತ್ತದೆ. ಒಮ್ಮೆ ಮೈಸೂರಿಗೆ ಶಿಕ್ಷಕರ ತರಬೇತಿಗೆಂದು ಹೋಗಿದ್ದಾಗ ಊಟದ ಸಾಲಿನಲ್ಲಿ ನನ್ನ ಮುಂದಿದ್ದವರು ನಗುನಗುತ್ತ ಯಾವ ಊರೆಂದು ಕೇಳಿದರು. ಸುರಪುರ ಎಂದೆ. ನಗು ಅಲ್ಲಿಗೇ ನಿಂತಿತು. “ಓ, ಆ ಕಡೇನಾ? ಅಲ್ಲಿ ಮಾತು ಮಾತಿಗೂ ಮಚ್ಚು ತೆಗೀತಾರಂತೆ, ಹೌದಾ?” ಎಂದವರೇ ನನ್ನ ಉತ್ತರಕ್ಕೂ ಕಾಯದೆ ಪಕ್ಕಕ್ಕೆ ಸರಿದು ನನ್ನನ್ನು ಮುಂದೆ ಬಿಟ್ಟರು. ಹೋಳಿಗೆ ಮುಗಿಯುವ ಹಂತದಲ್ಲಿತ್ತು. ಊರಿನ ಮಾನ ಆಮೇಲೆ ನೋಡಿಕೊಂಡರಾಯಿತು ಎಂದು ನಾನೂ ಬೇಡವೆನ್ನದೆ ಮುಂದೆ ಹೋದೆ. ಅಂದಿನಿಂದ ದೂರದ ಊರುಗಳ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಯಾರಾದರೂ ನನ್ನನ್ನು ಹಿಂದೆ ತಳ್ಳಿದರೆ “ನಾ ಸುರಪುರದಾಕಿ ಅದೀನಿ” ಎಂದು ಮೆಲ್ಲಗೆ ತಿಳಿಸುವುದುಂಟು. ಕೆಲಸ ಬೇಗ ಆಗುತ್ತದೆ.

ನಿಜವಾಗಿ ನೋಡಿದರೆ ಇಷ್ಟು ವರ್ಷಗಳಲ್ಲಿ ಈ ಊರುಗಳಲ್ಲಿ ನನ್ನ ಮೇಲೆ ಕೈ ಮಾಡಿದವಳು ನನ್ನ ತಾಯಿ ಒಬ್ಬಳೇ. ಅದು ಹಿಟ್ಟು ಬೀಸಿಕೊಂಡು ಬಾ ಎಂದರೆ ನಾನು ಸಿನೆಮಾಕ್ಕೆ ಹೋಗಿದ್ದಕ್ಕೆ. ಆದರೆ ನಮ್ಮ ಬಾಯಿ ಇದೆಯಲ್ಲ, ಅದು ಬೇರೆ ವಿಚಾರ. ನಮ್ಮಲ್ಲಿ ಪ್ರೀತಿ ಹೆಚ್ಚಾದಷ್ಟೂ ಕೈಕಾಲು ಮುರಿಯುವ ಮಾತು ಹೆಚ್ಚು. ಬಿಸಿಲಲ್ಲಿ ಆಡುವ ಮಗುವಿಗೆ “ಕಾಲ ಮುರದ ಕುಂದರಸ್ತೀನಿ” ಎನ್ನುತ್ತೇವೆ. ಬಹಳ ದಿನದ ಮೇಲೆ ಬಂದ ಗೆಳತಿಗೆ “ಸತ್ತಿದ್ದೇನು ಇಷ್ಟ ದಿನ?” ಎಂದು ಕೇಳಿ ಅಪ್ಪಿಕೊಳ್ಳುತ್ತೇವೆ. ಇದನ್ನೆಲ್ಲ ಕೇಳುವವರು ಮಾತಿನ ಮೊದಲರ್ಧ ಕೇಳಿಸಿಕೊಂಡು ಓಡಿಹೋಗುತ್ತಾರೆ, ಅಪ್ಪಿಕೊಳ್ಳುವುದನ್ನು ನೋಡಲು ನಿಲ್ಲುವುದಿಲ್ಲ. ಹಾಗೆ ಓಡಿಹೋದವರಿಂದ ನನಗೆ ಒದಗಿದ ಸಂಕಟವನ್ನೇ ಈಗ ಹೇಳಹೊರಟಿದ್ದೇನೆ.

ಶಹಾಪುರದ ನಮ್ಮ ಹೈಸ್ಕೂಲಿನಲ್ಲಿ ಗಣಿತಕ್ಕೆ ಟೀಚರ್ ಇರಲಿಲ್ಲ. ಬಂದವರು ನಿಲ್ಲುತ್ತಿರಲಿಲ್ಲ. ಒಬ್ಬರಂತೂ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲಿ ಇಬ್ಬರು ಹಣ್ಣಿನವರು ಮಾತಾಡುವುದನ್ನು ನೋಡಿ, ಅದೇ ಬಸ್ಸಿನಲ್ಲಿ ವಾಪಸು ಹೋದರಂತೆ. ಹೀಗಾಗಿ ಕನ್ನಡ ಟೀಚರಾದ ನನ್ನ ಕೊರಳಿಗೆ ಹತ್ತನೆಯ ತರಗತಿಯ ಗಣಿತ ಬಿತ್ತು. ನನಗೆ ತಿಳಿದ ವಿದ್ಯೆಯಲ್ಲೇ ಕಲಿಸಿದೆ. ಪೈಥಾಗೊರಸನ ಪ್ರಮೇಯವನ್ನು ರಾಗವಾಗಿ ಹೇಳಿಕೊಟ್ಟೆ. ಮಕ್ಕಳು ಬಹಳ ಚೆನ್ನಾಗಿ ಹಾಡಿದರು, ಲೆಕ್ಕ ಮಾತ್ರ ಬರಲಿಲ್ಲ. ಒಬ್ಬ ಹುಡುಗಿ ಎದ್ದು “ಮೇಡಂ, ಈ ಎಕ್ಸ್ ಎಲ್ಲಿಂದ ಬಂತ್ರಿ?” ಎಂದು ಕೇಳಿದಳು. ಅದು ಕವಿಸಮಯ ಎಂದು ಹೇಳಿ ಕೂರಿಸಿದೆ. ತಮಾಷೆ ಬಿಟ್ಟು ಹೇಳುತ್ತೇನೆ, ನನಗೆ ಭಯವಾಗಿತ್ತು. ಮನೆಯಲ್ಲೇ ಮೊದಲ ಬಾರಿಗೆ ಹತ್ತನೆಯ ತರಗತಿ ಮುಟ್ಟಿದ ಹುಡುಗಿಯರು ಆ ಬೆಂಚುಗಳ ಮೇಲೆ ಕುಳಿತಿದ್ದರು. ಗಣಿತದಲ್ಲಿ ಫೇಲಾದರೆ ಮರುದಿನವೇ ಅವರು ಹತ್ತಿ ಬಿಡಿಸಲು ಹೊರಡುತ್ತಾರೆ, ಆಮೇಲೆ ಶಾಲೆಯ ಕಡೆ ತಲೆ ಹಾಕುವುದಿಲ್ಲ. ಅದಕ್ಕೆ ನಾನು ಕಾರಣಳಾಗುವುದು ನನಗೆ ಬೇಕಿರಲಿಲ್ಲ.

ಅಷ್ಟರಲ್ಲಿ ಹಾಸನದ ಕಡೆಯ ಅನುಷಾ ಎಂಬ ಹುಡುಗಿಗೆ ನಮ್ಮ ಶಾಲೆಗೆ ನೇಮಕವಾಯಿತು. ಅವಳು ಹೆಡ್‌ಮಾಸ್ತರರಿಗೆ ಫೋನು ಮಾಡಿ, ಮೊದಲು ಬಂದು ಊರು ನೋಡುತ್ತೇನೆ, ಸರಿಯೆನಿಸಿದರೆ ಸೋಮವಾರ ಸೇರುತ್ತೇನೆ, ಇಲ್ಲದಿದ್ದರೆ ಈಗಿರುವ ಖಾಸಗಿ ಶಾಲೆಯೇ ಸಾಕು ಎಂದಿದ್ದಳಂತೆ. ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. “ಮೇಡಂ, ಆಕಿ ನಿಮ್ಮ ಮನ್ಯಾಗs ಇರ್ಲಿ. ಊರು ಛಲೋ ಐತಿ ಅಂತ ತೋರ್ಸೋದು ನಿಮ್ಮ ಜವಾಬ್ದಾರಿ. ಆಕಿ ಹ್ವಾದ್ಲಂದ್ರ ನೀವು ರಿಟೈರ್ ಆಗೋತನಾ ಗಣಿತ ನಿಮಗs.” ಇದನ್ನು ಬೆದರಿಕೆ ಎನ್ನದೆ ಬೇರೇನು ಎನ್ನಬೇಕು? ಆದರೂ ನಮ್ಮ ಊರಿನಲ್ಲಿ ನನಗೆ ಯಾರೂ ಬೆದರಿಕೆ ಹಾಕಿಲ್ಲ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ.

ಗುರುವಾರ ಅವಳನ್ನು ಕರೆತರಲು ಯಾದಗಿರಿ ಸ್ಟೇಷನ್ನಿಗೆ ನಾನೇ ಹೋದೆ. ತೆಳ್ಳಗಿನ, ಬೆಳ್ಳಗಿನ ಹುಡುಗಿ. ಧ್ವನಿ ಎಷ್ಟು ಮೆಲ್ಲಗೆಂದರೆ ಮೊದಲ ಮಾತು ನನಗೆ ತುಟಿ ನೋಡಿ ತಿಳಿಯಿತು. ಹೊರಗೆ ಬರುತ್ತಲೇ ಇಬ್ಬರು ಆಟೋದವರು ಅವಳ ಬ್ಯಾಗಿನ ಒಂದೊಂದು ಹಿಡಿಕೆ ಹಿಡಿದರು. “ಬಿಡಲೇ, ನಾ ಮೊದಲ ನೋಡೀನಿ!” “ಹಲ್ಲ ಉದುರಸ್ತೀನಿ ಮಗನಾ, ನೀ ಕೈ ತಗಿ!” ಹುಡುಗಿ ಬ್ಯಾಗನ್ನು ಅವರಿಗೇ ಕೊಟ್ಟು ರೈಲು ಹತ್ತುವ ಹಾಗೆ ಕಂಡಳು. ನಾನು ನುಗ್ಗಿದೆ. “ಇಬ್ರೂ ಬಿಡ್ರಿ ಕೈ! ಇಲ್ಲಂದ್ರ ಎರಡೂ ಆಟೋ ಭೀಮಾ ಹೊಳ್ಯಾಗ ಒಗಸ್ತೀನಿ!” ಎಂದೆ. ಇಬ್ಬರೂ ನಕ್ಕರು. “ಅಕ್ಕಾರು ಬಂದ್ರು, ನಡಿಯಪಾ” ಎಂದು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಹೊರಟುಹೋದರು. ಅವರು ನಕ್ಕದ್ದನ್ನು ಅನುಷಾ ನೋಡಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

ಶಹಾಪುರದ ಬಸ್ಸಿನಲ್ಲಿ ಇನ್ನೊಂದು ಪ್ರಸಂಗ. ಜನ ತುಂಬಿದ್ದರು. ಕಂಡಕ್ಟರ್ “ಹಿಂದ ಸರೀರಿ, ಇಲ್ಲೇ ಬೇರ ಬಿಟ್ಟೀರೇನು?” ಎಂದು ಒದರುತ್ತಿದ್ದ. ಒಬ್ಬ ಮುದುಕಿ ಕಿಟಕಿಯ ಬಳಿ ಕುಳಿತಿದ್ದ ಗಂಡಸಿನ ಮೇಲೆ ಹರಿಹಾಯ್ದಳು. “ಏಳೋ! ಹೊರಗಿನೂರಿನ ಕೂಸು ನಿಂತೈತಿ, ನೀ ಗುಂಡುಕಲ್ಲಿನಂಗ ಕುಂತಿ!” ಅವನು ಏಳುತ್ತಲೇ ಅಷ್ಟೇ ಜೋರಾಗಿ “ಎದ್ದೀನಲ್ಲಬೇ, ಯಾಕ ಜೀವಾ ತಗೀತಿ!” ಎಂದ. ಅನುಷಾ ನನ್ನ ಸೆರಗು ಹಿಡಿದುಕೊಂಡು “ಮೇಡಂ, ಯಾಕೆ ಜಗಳ ಆಡ್ತಿದಾರೆ?” ಎಂದಳು. “ಜಗಳಲ್ಲವಾ, ನಿನಗ ಸೀಟು ಕೊಡಾಕತ್ತಾರ” ಎಂದೆ. ಅವಳು ಆ ಸೀಟಿನ ತುದಿಯಲ್ಲಿ ಪರೀಕ್ಷೆಗೆ ಬಂದವಳಂತೆ ಕುಳಿತಳು.

ಮರುದಿನ ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ನನ್ನ ಧ್ವನಿಯಿಂದಲೇ. ನಮ್ಮ ಗೋಡೆಯಾಚೆ ಮೆಹಬೂಬ್‌ಬಿ ಇರುತ್ತಾರೆ. ಇಡೀ ಓಣಿಗೆ ಅವರು ಖಾಲಾ, ಅಂದರೆ ಚಿಕ್ಕಮ್ಮ. ಅವರ ಆಡಿಗೆ ನನ್ನ ಕರಿಬೇವಿನ ಗಿಡವೆಂದರೆ ಪ್ರಾಣ. “ಖಾಲಾ, ಮತ್ತ ಬಂದೈತಿ ನೋಡ್ರಿ! ಇವತ್ತು ಕಡದು ಮಸಾಲಿ ಅರೀತೀನಿ!” ಎಂದು ನಾನು ಇಲ್ಲಿಂದ ಕೂಗಿದೆ. “ಕಡೀರಿ, ಕಡೀರಿ! ಆಮ್ಯಾಲ ನಿಮ್ಮನ್ನ ನಾ ಕಡೀತೀನಿ!” ಎಂದು ಅವರು ಅಲ್ಲಿಂದ. ಇದು ನಮ್ಮಿಬ್ಬರ ಶುಭೋದಯ. ಆಮೇಲೆ “ಚಾ ಆತೇನ್ರಿ?” ಎಂಬ ವಿಚಾರಣೆ ಇರುತ್ತದೆ, ಆದರೆ ಅದನ್ನು ನಾವು ಸಣ್ಣ ಧ್ವನಿಯಲ್ಲಿ ಕೇಳಿಕೊಳ್ಳುವುದರಿಂದ ಒಳಗೆ ಮಲಗಿದ್ದವಳಿಗೆ ಕೇಳಿಸಲಿಲ್ಲ. ಆ ಸಂಜೆ ಅವಳನ್ನು ಊರ ಹೊರಗೆ ಕರೆದೊಯ್ದು ನಮ್ಮ ಬೆಟ್ಟದ ಸಾಲು ತೋರಿಸಿದೆ. ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ, ಹಣೆ, ಮೂಗು, ಎದೆ ಎಲ್ಲ ಸ್ಪಷ್ಟ. ಇಂಥ ಊರಿನಲ್ಲಿ ಹೊಡೆದಾಟ ಎಲ್ಲಿಂದ ಬರಬೇಕು ಎಂದು ಭಾಷಣ ಮಾಡಿದೆ. ಅವಳು ಬಹಳ ಹೊತ್ತು ನೋಡಿ, “ಇಷ್ಟು ಗಲಾಟೇಲಿ ಇವರಿಗೆ ಹೆಂಗೆ ನಿದ್ದೆ ಬರುತ್ತೆ ಮೇಡಂ?” ಎಂದಳು. ನನಗೆ ಆ ಹುಡುಗಿ ಇಷ್ಟವಾಗಿಬಿಟ್ಟಳು. ಗಣಿತದ ಆಸೆಯ ಜೊತೆಗೆ ಅವಳ ಆಸೆಯೂ ಹುಟ್ಟಿತು.

ಶನಿವಾರ ಅವಳು ಸ್ನಾನಕ್ಕೆ ಹೋದಾಗ ನಾನು ಓಣಿಯ ಮನೆಮನೆಗೂ ಹೋದೆ. ನಾಳೆ ಒಂದು ದಿನ ಎಲ್ಲರೂ ಮೆಲ್ಲಗೆ ಮಾತಾಡಬೇಕು, ಹುಡುಗಿ ಹೆದರಿದ್ದಾಳೆ, ಮಕ್ಕಳ ಭವಿಷ್ಯದ ಪ್ರಶ್ನೆ ಎಂದೆ. ಎದುರಿನ ಹಿಟ್ಟಿನ ಗಿರಣಿಯ ಶರಣಪ್ಪ ತಲೆ ಕೆರೆದುಕೊಂಡರು. “ಮೆಲ್ಲಕಂದ್ರ ಹೆಂಗ್ರಿ ಟೀಚರ್? ರೂಢಿ ಇಲ್ಲಲ್ರಿ ನಮಗ.” ಹೀಗೆ ಎಂದು ಮಾತಾಡಿ ತೋರಿಸಿದೆ. “ಗಂಟಲಾ ಕೆಟ್ಟೈತೇನ್ರಿ?” ಎಂದರು. ಆದರೂ ಅವರ ಮಗಳು ನನ್ನ ತರಗತಿಯಲ್ಲೇ ಇದ್ದಳು, ಒಪ್ಪಿದರು. ಗಿರಣಿಯನ್ನೂ ನಿಲ್ಲಿಸುತ್ತೇನೆ ಎಂದರು. ಖಾಲಾ ಆಡನ್ನು ಕಟ್ಟಿಹಾಕುವುದಾಗಿ ಮಾತು ಕೊಟ್ಟರು.

ಭಾನುವಾರ ನಮ್ಮ ಓಣಿ ಹುಟ್ಟಿದಾಗಿನಿಂದ ಇಲ್ಲದ ಮೌನದಲ್ಲಿ ಎದ್ದಿತು. ನನಗೆ ಹೆಮ್ಮೆಯೋ ಹೆಮ್ಮೆ. ಹೊರಗೆ ಇಣುಕಿದರೆ ಗಂಡಸರು ಗುಂಪು ಗುಂಪಾಗಿ ನಿಂತು ತಲೆಗೆ ತಲೆ ತಾಗಿಸಿ ಪಿಸುಗುಟ್ಟುತ್ತಿದ್ದರು. ನಮ್ಮ ಯಜಮಾನರಿಗೆ ಮಾತೇ ಕಡಿಮೆ, ಅವರ ಪಾಲಿನದನ್ನೂ ನಾನೇ ಆಡುತ್ತೇನೆ. ಅವರೂ ಅಂದು ಸಹಕರಿಸಬೇಕೆಂದು ತುದಿಗಾಲಲ್ಲಿ ನಡೆಯುತ್ತಿದ್ದರು. ನಾನು ಚುರುಮುರಿ ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ, ಕಲೆಸುತ್ತಿದ್ದವಳು ತಿಂಡಿಗೆ ಕರೆಯಲು ಸೌಟು ಹಿಡಿದುಕೊಂಡೇ ಅನುಷಾಳ ಕೋಣೆಗೆ ಹೋದೆ. ಅವಳು ಬ್ಯಾಗು ಕಟ್ಟಿಕೊಂಡು, ಕಿಟಕಿ ಮುಚ್ಚಿ, ಮಂಚದ ಮೇಲೆ ಕುಳಿತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. “ಮೇಡಂ, ನಿಜ ಹೇಳಿ. ಕರ್ಫ್ಯೂ ಹಾಕಿದಾರಾ? ಯಾರು ಸತ್ತಿದ್ದು?” ಎಂದಳು. ಗಿರಣಿಯ ಬಾಗಿಲು ಅರ್ಧ ಎಳೆದಿದ್ದನ್ನು ನೋಡಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವ ಗಂಡಸರನ್ನು ನೋಡಿದ್ದಳು. ಸಾಲದ್ದಕ್ಕೆ ಖಾಲಾ ಕಿಟಕಿಗೆ ಬಂದು, ಆಚೀಚೆ ನೋಡಿ, ತುಟಿಯ ಮೇಲೆ ಬೆರಳಿಟ್ಟು ಹೋಗಿದ್ದರಂತೆ.

ನನಗೆ ಎಲ್ಲಿತ್ತೋ ಸಿಟ್ಟು. ಸೀದಾ ಓಣಿಗೆ ಓಡಿದೆ. “ಯಾರಲೇ ನಿಮಗ ಪಿಸಿಪಿಸಿ ಅನ್ನಾಕ ಹೇಳಿದವ್ರು? ಹುಡುಗಿ ಊರಿಗಿ ಹೊಂಟಾಳ! ಒದರ್ರಿ!” ಎಂದೆ. ಎಲ್ಲರೂ ಒಟ್ಟಿಗೆ, ಆದರೆ ಮೆಲ್ಲಗೆ, “ನೀವs ಹೇಳಿದ್ರಲ್ರಿ ಟೀಚರ್” ಎಂದರು. “ನಾ ಹೇಳಿದ್ರ ಕೇಳೋದೇನು? ಇಷ್ಟ ವರ್ಷ ಕೇಳಿಲ್ಲ, ಇವತ್ತs ಕೇಳಬೇಕಿತ್ತೇನು?” ಎಂದು ಕೈಯಲ್ಲಿದ್ದ ಸೌಟನ್ನು ಬೀಸಿ ಒಗೆದೆ. ಅದು ಹೋಗಿ ಗಿರಣಿಯ ತಗಡಿನ ಬಾಗಿಲಿಗೆ ಢಣ್ ಎಂದು ಬಡಿಯಿತು. ಆ ನಾಲ್ಕೂ ದಿನಗಳಲ್ಲಿ ಅನುಷಾಳ ಕಣ್ಣೆದುರು ನಡೆದ ಹಿಂಸಾಚಾರವೆಂದರೆ ಇದೊಂದೇ ಎಂಬುದನ್ನು ನಾನು ಇಲ್ಲಿ ದಾಖಲಿಸಬೇಕು. ಆಮೇಲೆ ಶರಣಪ್ಪ ಹೊಟ್ಟೆ ಹಿಡಿದು ನಗಲು ಶುರು ಮಾಡಿದರು, ಗಿರಣಿ ಗುಡುಗಿತು, ಬಿಚ್ಚಿಬಿಟ್ಟ ಆಡು ನನ್ನ ಕರಿಬೇವಿನ ಕಡೆ ಹೊರಟಿತು. ಖಾಲಾ ತಟ್ಟೆಯಲ್ಲಿ ಬಿಸಿ ಖಿಚಡಿ, ಮೇಲೆ ಹುಣಸೆ ಹುಳಿಯ ಖಟ್ಟಾ ಹಾಕಿಕೊಂಡು ಬಂದು, ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅನುಷಾಳಿಗೆ, “ಉಣ್ಣು ಬೇಟಾ. ಹಿಂಗ ಒಣಗಿದ ಕಟಗಿಯಂಗ ಇದ್ರ ಗಾಳಿ ಹೊತ್ಕೊಂಡು ಹೋಗ್ತೈತಿ. ಉಣಲಿಲ್ಲಂದ್ರ ಮೂಗು ಹಿಡದು ತುರಕ್ತೀನಿ ನೋಡು!” ಎಂದರು. ಅವಳು ಮೊದಲ ಸಲ ನಕ್ಕಳು.

ಮಧ್ಯಾಹ್ನ ಇಬ್ಬರೇ ಕುಳಿತಿದ್ದಾಗ ಅವಳು ನೇರವಾಗಿ ಕೇಳಿದಳು. “ನಿಜವಾಗ್ಲೂ ಇಲ್ಲಿ ಏನೂ ಆಗಲ್ವಾ ಮೇಡಂ?” ಇಲ್ಲ ಎಂದುಬಿಟ್ಟರೆ ಗಣಿತ ನನ್ನ ಕೊರಳಿಂದ ಇಳಿಯುತ್ತಿತ್ತು. ಆದರೆ ಅವಳ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. ಆಗುತ್ತದೆ ಎಂದೆ. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ತಲೆ ಒಡೆದುಕೊಂಡದ್ದಿದೆ, ಚುನಾವಣೆ ಬಂದಾಗ ಹಳ್ಳಿಗಳಲ್ಲಿ ಬಡಿಗೆ ಎದ್ದದ್ದಿದೆ, ಒಂದು ಜೀವ ಹೋದ ಸುದ್ದಿಯನ್ನು ಟಿವಿಯವರು ವಾರಗಟ್ಟಲೆ ತೋರಿಸಿದ್ದೂ ಇದೆ. ಅದೂ ನಮ್ಮ ಊರೇ, ಇದೂ ನಮ್ಮ ಊರೇ ಎಂದೆ. ಅವಳು ಹೇಳಿದಳು: “ನಮ್ಮ ಮನೆ ಮೇಲೆ ಬಾಡಿಗೆಗೆ ಒಬ್ಬರಿದ್ರು. ಹೆಂಡ್ತೀನ ಹೊಡೀತಿದ್ರು. ನಮ್ಮ ಬೀದೀಲಿ ಯಾರೂ ಜೋರಾಗಿ ಮಾತೂ ಆಡಲ್ಲ ಮೇಡಂ, ತುಂಬಾ ಡೀಸೆಂಟ್. ಒಬ್ಬರೂ ಹೋಗಿ ಬಾಗಿಲು ತಟ್ಟಲಿಲ್ಲ. ನಾವು ಟಿವಿ ಸೌಂಡ್ ಜಾಸ್ತಿ ಮಾಡ್ಕೋತಿದ್ವಿ.”

ನಮ್ಮಲ್ಲಿ ಹಾಗೆ ಆಗುವುದಿಲ್ಲ ಎನ್ನಲು ಹೊರಟೆ, ಎನ್ನಲಿಲ್ಲ. ಆಗಿದೆ. ಇದೇ ಓಣಿಯ ಕೊನೆಯ ಮನೆಯಲ್ಲಿ ಆಗಿದೆ. ಅಂದು ಖಾಲಾ ಬಾಗಿಲು ಗುದ್ದಿ “ಮುಟ್ಟು ಇನ್ನೊಮ್ಮೆ, ಕೈ ಕಡದು ಕೈಯಾಗ ಕೊಡ್ತೀನಿ” ಎಂದು ಒದರಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿರಬೇಕು. ಹಿಂದೆ ನಾವೆಲ್ಲ ನಿಂತಿದ್ದೆವು. ಆ ಮನುಷ್ಯ ಇಂದಿಗೂ ಖಾಲಾರನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾನೆ. ಇದನ್ನು ಅನುಷಾಳಿಗೆ ಹೇಳಿದೆ. ಅವಳು ಎದ್ದುಹೋಗಿ ಬ್ಯಾಗು ಬಿಚ್ಚಿ, ಸೀರೆಗಳನ್ನು ತೆಗೆದು ಮಡಚತೊಡಗಿದಳು. ಸೋಮವಾರ ಶಾಲೆಗೆ ಉಡಲು ಯಾವುದು ಚೆನ್ನ ಎಂದು ಕೇಳಿದಳು. ನನ್ನ ಕಣ್ಣು ತುಂಬಿ ಬಂತು. ಹಸಿರಿನದು ಎಂದೆ.

ಸಂಜೆ ಅವಳು ಹಿತ್ತಲಲ್ಲಿ ನಿಂತು ತಾಯಿಗೆ ಫೋನು ಮಾಡುತ್ತಿದ್ದಳು. ಕದ್ದು ಕೇಳುವ ಉದ್ದೇಶ ನನಗಿರಲಿಲ್ಲ, ಬಟ್ಟೆ ತೆಗೆಯುವುದಿತ್ತು. “ಊರೇನೂ ಹಂಗಿಲ್ಲ ಕಣಮ್ಮ, ಪಾಪದ ಜನ. ಹೊಡೆದಾಟಾನೂ ಇಲ್ಲ, ಬಡಿದಾಟಾನೂ ಇಲ್ಲ” ಎನ್ನುತ್ತಿದ್ದಳು. ನನ್ನ ಎದೆ ಉಬ್ಬಿತು. “ರೌಡಿ ಅಂದ್ರೆ ಇರೋದು ಒಬ್ರೇ. ಆಟೋ ಹೊಳೆಗೆ ಎಸೀತೀನಿ ಅಂತಾರೆ, ಸೌಟಲ್ಲಿ ಹೊಡೀತಾರೆ, ಇಡೀ ಬೀದಿ ಅವರಿಗೆ ಹೆದರಿ ಗಪ್‌ಚಿಪ್. ನೀನೇನೂ ಯೋಚನೆ ಮಾಡ್ಬೇಡ, ನಾನು ಅವರ ಮನೇಲೇ ಇರೋದು.”

ಹಗ್ಗದ ಮೇಲಿನ ಸೀರೆ ಕೈಯಲ್ಲೇ ಉಳಿಯಿತು. ಏನಂದಿ ನೀ ಎಂದು ಒದರಲು ಬಾಯಿ ತೆರೆದೆ. ತೆರೆದ ಬಾಯಲ್ಲೇ ತ್ರಿಕೋನಮಿತಿಯ ಪಾಠ ಇನ್ನೂ ಪೂರ್ತಿ ಬಾಕಿ ಇರುವುದು ನೆನಪಾಯಿತು. ತುದಿಗಾಲಲ್ಲಿ ಅವಳ ಹತ್ತಿರ ಹೋಗಿ, ಅವಳ ಜೊತೆ ಮೊದಲ ಸಲ ಮೆಲ್ಲನೆಯ ಧ್ವನಿಯಲ್ಲಿ, “ಅನುಷಾ, ಚಾ ಕುಡೀತಿಯೇನವಾ?” ಎಂದು ಕೇಳಿದೆ. ಅವಳು ಗಾಬರಿಯಿಂದ ಫೋನು ಕೆಳಗಿಳಿಸಿ, “ಮೇಡಂ, ಏನಾಯ್ತು? ಯಾಕೆ ಸಿಟ್ಟಾಗಿದೀರಾ?” ಎಂದಳು.