ತೊಳೆದಿಟ್ಟ ತೊಟ್ಟಿ ಮತ್ತು ಮೂರು ವರ್ಷದ ಸೊನ್ನೆ

ಇಂದ:
ಮಣ್ಣು ಸವಕಳಿ ಅಂದಾಜು ಸಹಾಯಕ,
ಸಂರಕ್ಷಿತ ಜಲಾನಯನ ಪ್ರದೇಶ.

ಗೆ:
ಹಿರಿಯ ಅಧಿಕಾರಿಗಳು,
ಅದೇ ಕಚೇರಿ, ಎದುರಿನ ಕೋಣೆ.

ವಿಷಯ: ಕಾವಲಿನ ಅಮ್ಮನಿಗೆ ಹೊರಡಿಸಿದ ನೋಟಿಸನ್ನು ನನಗೇ ಕೊಡುವ ಬಗ್ಗೆ.

ಉಲ್ಲೇಖ: 1. ನನಗೆ ಬಂದ ಪ್ರಶಂಸಾಪತ್ರ. 2. ಆಕೆಯ ನೋಟಿಸು. (ಎರಡಕ್ಕೂ ಕಾರಣ ಒಂದೇ.)

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ತಲೆ ತಗ್ಗಿಸಿ ನಿವೇದಿಸುವುದೇನೆಂದರೆ,

1. ಮಳೆನೀರಿನ ಜೊತೆ ಗುಡ್ಡದಿಂದ ಇಳಿಯುವ ಮಣ್ಣನ್ನು ಹಿಡಿಯಲು ಬುಡದಲ್ಲೊಂದು ಸಿಮೆಂಟಿನ ತೊಟ್ಟಿ ಇದೆ. ತಿಂಗಳಿಗೊಮ್ಮೆ ಅದರ ಹೂಳು ಅಳೆದು, ಗುಡ್ಡ ಎಷ್ಟು ಸವೆಯಿತೆಂದು ಅಂದಾಜಿಸುವುದು ನನ್ನ ಕೆಲಸ. ಮೂರು ವರ್ಷ ತೊಟ್ಟಿ ಕನ್ನಡಿಯಂತಿತ್ತು. ಆದ್ದರಿಂದ 'ಮಳೆಯ ರೀತಿ ಬದಲಾದರೂ ಸವಕಳಿ ಸೊನ್ನೆ' ಎಂದು ಬರೆದೆ. ಪ್ರಶಂಸಾಪತ್ರ ಬಂತು. ಆಮೇಲೆ ಕಾರಣ ಹುಡುಕುವುದು ಅವಿವೇಕವೆನಿಸಿತು.

2. ಕಳೆದ ಮಂಗಳವಾರ ಒಂದೇ ಗಂಟೆಯ ಮಳೆಗೆ ಗುಡ್ಡದ ಒಂದು ಮಗ್ಗುಲು ಜಾರಿ ರಸ್ತೆಗೆ ಬಂತು. ನಾನು ಓಡಿ ಹೋದಾಗ ತೊಟ್ಟಿಯ ಕಾವಲಿನ ಅಮ್ಮ ಅದರೊಳಗೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬುಟ್ಟಿ ತುಂಬುತ್ತಿದ್ದರು.

"ಏನಮ್ಮಾ ಮಾಡ್ತಿದ್ದೀರಾ?"

"ತೊಟ್ಟಿ ತೊಳೀತಿದ್ದೀನಿ ಸಾರ್. ಮೂರು ವರ್ಷದಿಂದ ಒಂದು ಮಳೇನೂ ತಪ್ಪಿಸಿಲ್ಲ."

"ತೊಳೀರಿ ಅಂತ ಯಾರು ಹೇಳಿದ್ದು?"

"ನೀವೇ! ಬಂದ ಮೊದಲನೇ ದಿನ 'ತೊಟ್ಟಿ ಚೆನ್ನಾಗಿ ನೋಡ್ಕೊಳ್ಳಿ' ಅಂದ್ರಲ್ಲ."

ಅಂದಿದ್ದೆ. ಅದು ಯಾತಕ್ಕಿದೆ ಎಂದು ಮಾತ್ರ ಹೇಳಿರಲಿಲ್ಲ. ಕಾವಲಿನವರಿಗೆ ಅದೆಲ್ಲ ಯಾಕೆ ಎಂಬುದು ಆಗ ನನ್ನ ತಾಂತ್ರಿಕ ಅಭಿಪ್ರಾಯವಾಗಿತ್ತು.

3. ತಾವು ವಿವರಣೆ ಕೇಳಿದಾಗ "ತೊಟ್ಟಿ ಖಾಲಿ ಮಾಡಿದ್ದು ಕಾವಲಿನಾಕೆ" ಎಂದು ಒಂದೇ ಸಾಲು ಬರೆದು ಜಾರಿಕೊಂಡೆ. ಆ ಸಾಲಿನ ಕಾರಣ ಆಕೆಯನ್ನು ಕೆಲಸದಿಂದ ತೆಗೆಯುವ ನೋಟಿಸು ಹೊರಟಿತು. ಕೊಡಲು ನಾನೇ ಹೋದೆ. ಓದಲು ಬಾರದ ಆಕೆ ಕಾಗದ ನೋಡಿ, "ನನಗೂ ನಿಮ್ ಥರ ಹೊಗಳಿಕೆ ಕಾಗದ ಬಂತಾ ಸಾರ್?" ಎಂದು ಕೈ ಒರೆಸಿಕೊಂಡರು.

ನೋಟಿಸು ಜೇಬಿಗೆ ಹೋಯಿತು. ಇದ್ದದ್ದನ್ನೆಲ್ಲ ಹೇಳಿದೆ.

"ಹಾಗಾದ್ರೆ ಮೂರು ವರ್ಷ ನಾನು ನಿಮ್ಮ ಕೆಲಸ ಕೆಡಿಸಿದ್ನಾ?"

ಇದಕ್ಕೆ ನಿಗದಿತ ನಮೂನೆ ಇಲ್ಲದ್ದರಿಂದ, ತೆಗೆದ ಮಣ್ಣನ್ನೆಲ್ಲ ಎಲ್ಲಿ ಹಾಕಿದಿರೆಂದು ಕೇಳಿದೆ.

4. ಆಕೆ ನನ್ನನ್ನು ತಮ್ಮ ಕೋಣೆಯ ಹಿಂದಕ್ಕೆ ಕರೆದೊಯ್ದರು. ಅಲ್ಲಿ ನನಗಿಂತ ಎತ್ತರದ ಮಣ್ಣಿನ ರಾಶಿ! "ಮೊದ್ಲು ಜಿಟಿಜಿಟಿ ಮಳೆ, ತಿಂಗಳಿಗೆ ಎರಡು ಬುಟ್ಟಿ. ಈಗ ಒಂದೇ ಏಟಿಗೆ ಸುರಿಯುತ್ತೆ, ಒಂದು ಮಳೆಗೇ ಹತ್ತು ಬುಟ್ಟಿ. ಹೇಳೋಣ ಅಂತ ಬಂದಾಗೆಲ್ಲ ನೀವು ಬರೀತಾ ಇರ್ತಿದ್ರಿ."

ಆದ್ದರಿಂದ ನನ್ನ ಮೂರು ವರ್ಷದ ವರದಿಯನ್ನು ರದ್ದುಪಡಿಸಿ, ಆಕೆಯ ಬುಟ್ಟಿಗಳನ್ನೇ ಅಧಿಕೃತ ಅಂದಾಜೆಂದು ಪರಿಗಣಿಸಿ, ಆಕೆಯನ್ನು ಕೆಲಸದಲ್ಲಿ ಮುಂದುವರಿಸಿ, ನೋಟಿಸನ್ನು ಅರ್ಹನಾದ ನನಗೆ ದಯಪಾಲಿಸಬೇಕಾಗಿ ಕೋರಿಕೆ.

ತಮ್ಮ (ಇನ್ನೂ ಇದ್ದರೆ) ವಿಶ್ವಾಸಿ,
ಅಂದಾಜು ಸಹಾಯಕ

ಅಡಕ:
1. ಪ್ರಶಂಸಾಪತ್ರ, ಚೌಕಟ್ಟು ಮತ್ತು ಮೊಳೆ ಸಹಿತ.
2. ತಲುಪಿಸದ ನೋಟಿಸು.

ವಿ.ಸೂ.: ಗುಡ್ಡದ ಇನ್ನೊಂದು ಮಗ್ಗುಲಿನಲ್ಲೂ ಬಿರುಕು ಬಿಟ್ಟಿದೆಯೆಂದು ಆಕೆ ನಿನ್ನೆ ತೋರಿಸಿದರು. ಅದರ ನೇರ ಕೆಳಗಿರುವುದು ನಮ್ಮ ಕಚೇರಿ. ಆದಕಾರಣ ಈ ಅರ್ಜಿಯನ್ನು ಮುಂದಿನ ಮಳೆಗೆ ಮೊದಲು ವಿಲೇವಾರಿ ಮಾಡುವುದು. ತಡವಾಗುವುದಾದರೆ, ದಯವಿಟ್ಟು ಮೇಲಿನ ಮಹಡಿಯಲ್ಲಿ ಕೂತು ಓದುವುದು.