ಸರದಿ ಹಚ್ಚುವ ಕಾಕಾ

ನಮ್ಮ ಕಾಕಾ ಮನುಷ್ಯರ ಮುಖ ನೋಡುವುದೇ ಇಲ್ಲ, ಅವರ ಸರದಿಯನ್ನಷ್ಟೇ ನೋಡುತ್ತಾರೆ! ನಂಬಿಕೆಯಿಲ್ಲವೇ? ಅವರ ಮನೆಗೆ ಊಟಕ್ಕೆ ಹೋಗಿ. ಬಿಸಿ ರೊಟ್ಟಿ ಮೊದಲು ಕಾಲೇಜಿಗೆ ಓಡುವ ಮಗಳಿಗೆ. ಕುಸನೂರಿನ ಬೀಗರಿಗೆ ಅಂದು ಬೇರೆ ಕೆಲಸವಿಲ್ಲವಲ್ಲ, ಅವರಿಗೆ ಕಡೆಗೆ! ಬೀಗರು ಎರಡು ವರ್ಷ ಆ ಹೊಸ್ತಿಲು ತುಳಿಯಲಿಲ್ಲ.

ಇದು ನೌಕರಿಯಿಂದ ಹತ್ತಿದ ಚಟ. ಕಲಬುರಗಿಯ ಒಂದು ದವಾಖಾನೆಯ ಕಂಪ್ಯೂಟರ್ ಕೋಣೆ ಅವರ ಉಸ್ತುವಾರಿಯಲ್ಲಿದೆ. ನಾನೂ ಅಲ್ಲೇ ಅವರ ಕೈಕೆಳಗಿದ್ದೇನೆ. ಕಮಲಾಪುರದ ಶಾಖೆಯೂ ಸೇರಿ ಎಲ್ಲ ರೋಗಿಗಳ ಮಾಹಿತಿ ಒಂದೇ ಕಡೆ. ನೂರು ಜನ ಸಿಬ್ಬಂದಿ ಒಮ್ಮೆಲೇ ಪ್ರಶ್ನೆ ಕೇಳಿದರೆ ಯಂತ್ರ ಯಾರಿಗೆ ಮೊದಲು ಉತ್ತರ ಕೊಡಬೇಕು? ಅದಕ್ಕೇ ಕಾಕಾ ಅವರವರ ಕೆಲಸ ನೋಡಿ ದರ್ಜೆ ಕಟ್ಟಿದರು. ಕಮಲಾಪುರದ ಹೆರಿಗೆ ವಾರ್ಡಿನ ಸಿಸ್ಟರ್ ಒಂದನೇ ದರ್ಜೆ. ದೊಡ್ಡ ಸಾಹೇಬರು ನಾಲ್ಕನೆಯದು!

ದಿನಾ ಬೆಳಿಗ್ಗೆ ಹತ್ತು ವರ್ಷದ ರೋಗಿಗಳ ಪಟ್ಟಿ ಕೇಳುವ ಸಾಹೇಬರು ಕೆಂಪಾಗಿ ಬಂದರು.

“ಏನ್ರೀ, ಈ ದವಾಖಾನಿ ಯಾರದು? ನಾನೇ ಕಾಯ್ಬೇಕೇನು?”

“ನಿಮ್ದೇ ಅದರಿ ಸಾಹೇಬ್ರ. ಖರೆ, ನಿಮ್ಮ ಪಟ್ಟಿ ಚಹಾ ಕುಡದ ಮ್ಯಾಲ ಬಂದ್ರೂ ನಡೀತದ. ಆ ಸಿಸ್ಟರ್ ರಕ್ತದ ಬಾಟ್ಲಿ ಎಲ್ಲದ ಅಂತ ಕೇಳ್ತಾಳ. ಬಾಣಂತಿ ಚಹಾ ಕುಡ್ಕೋತ ಕೂಡ್ತಾಳೇನ್ರಿ?”

ಸಾಹೇಬರು ಅಲ್ಲೇ ಕುರ್ಚಿ ಎಳೆದು ಕೂತು ಎರಡು ಚಹಾ ತರಿಸಿದರು!

ಸೂಪರ್ ಮಾರ್ಕೆಟ್ ಪೇಟೆಯ ಸೀರೆ ಅಂಗಡಿಯಲ್ಲೂ ಅಷ್ಟೇ. “ಲಗ್ನ ಮುಂದಿನ ತಿಂಗಳ ಇದ್ದವ್ರು ಹಿಂದ ಸರೀರಿ!” ಎಂದು ಗಿರಾಕಿಗಳನ್ನು ಹೊಂದಿಸತೊಡಗಿದರು. ಅಂಗಡಿಯವನು ಕೈಮುಗಿದ: “ಸಾಬ್, ನೀವೇ ಕೂಡ್ರಿ, ನಾ ಮನಿಗೆ ಹೋಗ್ತೀನಿ.” ಕಾಕು, ಅಂದರೆ ಕಾಕಾನ ಹೆಂಡತಿ, ಗಂಡನ ತೋಳು ಹಿಡಿದು ಹೊರಗೆಳೆದರು. ಸೀರೆ ಮಾತ್ರ ಬರಲಿಲ್ಲ!

ಹೋದ ವರ್ಷ ಆ ಕಾಕುವಿನ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿತು. ಪರೀಕ್ಷೆಯಾಯಿತು. ಒಂದು ಮಧ್ಯಾಹ್ನ ಲ್ಯಾಬಿನವರು ವರದಿಯನ್ನು ಕಂಪ್ಯೂಟರಿಗೆ ಹಾಕಿದ್ದೇವೆ ಎಂದರು. ಕಾಕಾ ಪರದೆಯ ಮುಂದೆ ಕುಳಿತರು. ನಮ್ಮ ಕೋಣೆಯವರಿಗೆ ಅವರೇ ಕೊಟ್ಟಿದ್ದ ದರ್ಜೆ ಎಲ್ಲಕ್ಕಿಂತ ಕೆಳಗಿನದು. ಅವರ ಪ್ರಶ್ನೆಯ ಮುಂದೆ ಬೇರೆಯವರ ಹನ್ನೊಂದು ಪ್ರಶ್ನೆಗಳಿದ್ದವು.

“ಕಾಕಾ, ದರ್ಜೆ ಬದಲಿಸೋದು ನಿಮ್ಮ ಕೈಯಾಗೇ ಅದ. ಇವತ್ತೊಂದಿನ ಮ್ಯಾಲಿನ ದರ್ಜೆ ಹಚ್ಕೋರಿ,” ಎಂದೆ.

“ಇದರಾಗ ಏನ್ ಬರ್ದದೋ ಅದು ಬರ್ದಾಗ್ಯದ, ಯವ್ವಾ. ಲಗೂ ನೋಡಿದ್ರ ಬದಲಾಗಂಗಿಲ್ಲ. ಮುಂದಿದ್ದವ್ರದು ಇನ್ನೂ ಬದಲಾಗೋದದ.”

ಹನ್ನೊಂದು ಏಳಾಯಿತು, ಏಳು ಮೂರಾಯಿತು. ಕಾಕಾ ಕಣ್ಣು ಮಿಟುಕಿಸಲಿಲ್ಲ. ಕೊನೆಗೆ ವರದಿ ತೆರೆಯಿತು: ಸಾಧಾರಣ ಗಂಟು, ಭಯವಿಲ್ಲ.

ಕಾಕಾ ಫೋನ್ ಎತ್ತಿಕೊಂಡರು. ಎರಡು ಸಲ ಕಾಕುವಿನ ಬದಲು ಬೇರೆ ಯಾರದೋ ಹೆಸರು ಒತ್ತಿದರು; ನಾನೇ ಹಚ್ಚಿಕೊಟ್ಟೆ.

“ಏನಿಲ್ಲಂತ,” ಎಂದರು. ಗೋಡೆಯ ಕಡೆ ತಿರುಗಿ ಮತ್ತೆ, “ಏನಿಲ್ಲಂತ ನೋಡು. ಏನೇನೂ ಇಲ್ಲಂತ.” ಎಷ್ಟು ಸಲ ಹೇಳಿದರೋ! ಆ ಕಡೆಯಿಂದ ಕಾಕು, “ಕೇಳಿಸ್ತ್ರಿ, ಕೇಳಿಸ್ತು,” ಎನ್ನುತ್ತಲೇ ಇದ್ದರು.